ಹನ್ನೆರಡರಿಂದ ಭಾಗಿಸಿದ್ದು

ಫೆಬ್ರವರಿ 3

ಆರ್ಥಿಕ ಸಮೀಕ್ಷೆ ಅಚ್ಚಿಗೆ ಹೋಗಲು ನಾಲ್ಕೇ ದಿನ. ಆರೋಗ್ಯದ ಅಧ್ಯಾಯ ನನ್ನ ತಲೆಗೆ. ಡಯಾಲಿಸಿಸ್ ಕೇಂದ್ರಗಳ ಪಟ್ಟಿ ಇನ್ನೂ ಅರೆಬರೆ. ಕೆಲವು ಕಡೆಯಿಂದ ಮೂರು ತಿಂಗಳ ರೋಗಿಗಳ ಸಂಖ್ಯೆ ಬಂದೇ ಇಲ್ಲ. ಕಾಯಿರಿ ಅನ್ನುತ್ತಾರೆ... ಇದೇನು ಮದುವೆ ಮನೆಯೇ? ನಮ್ಮ ಸೆಕ್ಷನ್ನಿನ ಪದ್ಧತಿ ಇದ್ದೇ ಇದೆ: ಬಂದಷ್ಟನ್ನು ಕೂಡಿಸು, ಹನ್ನೆರಡರಿಂದ ಭಾಗಿಸು, ಕೈ ತೊಳೆದುಕೋ. ಹಾಗೇ ಮಾಡಿದೆ. ಸಾಹೇಬರು ಬೆನ್ನು ತಟ್ಟಿದರು.

ಫೆಬ್ರವರಿ 5

ಬೆಳಿಗ್ಗೆ ಅಕ್ಕನನ್ನು ಡಯಾಲಿಸಿಸ್‌ಗೆ ಬಿಟ್ಟೆ. ವಾರಕ್ಕೆ ಮೂರು ಸಲ. ಮನೆಯಿಂದ ಹತ್ತು ನಿಮಿಷ, ಅದೊಂದು ಪುಣ್ಯ. ಐದು ಮಶೀನು, ಒಬ್ಬಳೇ ನರ್ಸ್. ಪಾಪ, ಉಸಿರಾಡಲೂ ಪುರಸೊತ್ತಿಲ್ಲ. ಅವಳೆದುರು ಅಕ್ಕನ ಜಂಬ — ನನ್ನ ತಮ್ಮ ಸರ್ಕಾರದ ಪುಸ್ತಕ ಬರೆಯುತ್ತಾನೆ ಎಂದು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಕೊಚ್ಚಿಕೊಳ್ಳಲಿ.

ಮಾರ್ಚ್ 28

ಬಜೆಟ್ ಮುಗಿಯಿತು. ಎಂಬತ್ತು ಪರ್ಸೆಂಟಿಗಿಂತ ಕಡಿಮೆ ಬಳಕೆಯ ಕೇಂದ್ರಗಳನ್ನು ಮುಚ್ಚಲು ಆರ್ಡರ್. ಅದರಲ್ಲಿ ಅಕ್ಕನದ್ದೂ ಇದೆ. ಹೇಗೆ? ಅಲ್ಲಿ ಐದು ಮಶೀನೂ ಸದಾ ಭರ್ತಿ.

ಫೈಲು ತೆಗೆದೆ. ಪಟ್ಟಿಯಲ್ಲಿ ಬರೀ ಕೋಡ್ ನಂಬರ್. ಹೆಸರು ನೋಡುವ ಅಭ್ಯಾಸ ನನಗಿಲ್ಲ. ಒಂಬತ್ತು ತಿಂಗಳ ಸಂಖ್ಯೆ, ಹನ್ನೆರಡರಿಂದ ಭಾಗ. ಎಪ್ಪತ್ತೈದಲ್ಲದೆ ಇನ್ನೇನು ಬರುತ್ತದೆ? ಉಳಿದ ಮೂರು ತಿಂಗಳು ಆ ನರ್ಸ್ ಫಾರಂ ತುಂಬುವುದು ಬಿಟ್ಟು ರೋಗಿಗಳನ್ನು ನೋಡಿಕೊಂಡಿದ್ದಾಳೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ನನ್ನ ಕೈಯಾರೆ...

ಏಪ್ರಿಲ್ 9

ಸಾಹೇಬರ ಮುಂದೆ ತಪ್ಪೊಪ್ಪಿಕೊಂಡೆ. ಅಚ್ಚಾದದ್ದನ್ನು ತಿದ್ದಲು ಕಮಿಟಿ ಸೇರಬೇಕಂತೆ. ಯಾವಾಗ? ನೋಡೋಣ ಎಂದರು. ಅಕ್ಕನಿಗೆ ಈಗ ಜಾಗವಿರುವ ಬೇರೆ ಕೇಂದ್ರಕ್ಕೆ ಬಸ್ಸಿನಲ್ಲಿ ಎರಡೂವರೆ ಗಂಟೆ. ಬರುವಾಗ ವಾಂತಿ. ನಾನೇ ಕಾರಣವೆಂದು ಹೇಳಲು ಬಾಯಿ ಬರಲಿಲ್ಲ. ಹೇಡಿ ನಾನು.

ಏಪ್ರಿಲ್ 30

ಎರಡು ಸಲ ತಪ್ಪಿಸಿದಳು. ಸುಸ್ತಂತೆ. ಕಾಲು ಊದಿ, ಉಸಿರು ಕಟ್ಟಿ, ಅಡ್ಮಿಟ್.

ಮಂಚದ ಪಕ್ಕ ಕೂತು ಕೊನೆಗೂ ಹೇಳಿದೆ, ಆ ಅಂಕಿ ನನ್ನದೇ ಎಂದು. ಕಣ್ಣು ಮುಚ್ಚಿಯೇ ಇದ್ದಳು.

"ಗೊತ್ತು ಕಣೋ. ಸಮೀಕ್ಷೆ ಪ್ರಕಾರ ಅಂತ ಆರ್ಡರಲ್ಲೇ ಇತ್ತಂತೆ, ನರ್ಸ್ ಓದಿ ಹೇಳಿದ್ಲು. ಅವತ್ತಿಂದ ನಿನ್ನ ಕೆಲಸದ ಸುದ್ದಿ ನಾನು ಯಾರ ಹತ್ರಾನೂ ಎತ್ತಿಲ್ಲ. ಹೋಗ್ಲಿ, ಊಟ ಮಾಡಿದ್ಯಾ?"

ಬಯ್ಯಬಾರದಿತ್ತೇ. ಹೊಡೆಯಬಾರದಿತ್ತೇ.

ಮೇ 21

ಕಮಿಟಿ ಸೇರಿತು. ಹತ್ತೇ ನಿಮಿಷ. ಎಪ್ಪತ್ತೈದು ಹೊಡೆದು ನೂರು ಬರೆದರು. ಒಂದನೇ ತಾರೀಖಿನಿಂದ ಕೇಂದ್ರ ತೆರೆಯುತ್ತದೆ. ಕಾರಿಡಾರಿಗೆ ಓಡಿಬಂದು ಅಕ್ಕನ ನಂಬರ್ ಒತ್ತಿದೆ. ರಿಂಗ್ ಆಯಿತು. ಮನೆಯ ಕಪಾಟಿನಲ್ಲಿ, ನಾನೇ ಚಾರ್ಜ್ ಮಾಡಿಟ್ಟು ಬಂದ ಫೋನು. ಅವಳು ಹೋಗಿ ಹನ್ನೊಂದು ದಿನ. ಕೈಗೆ ಇನ್ನೂ ಗೊತ್ತಾಗಿಲ್ಲ.