ಪಂಕ್ತಿಯಿಂದ ತೆಗೆದ ಎಲೆ

ಯಲ್ಲಾಪುರ
೧೫ ಡಿಸೆಂಬರ್ ೨೦೨೪

ಪ್ರೀತಿಯ ತಂಗಿ ನೀಲಾ,

ಹೇಗಿದ್ದೀಯೆ? ಚಳಿ ಬಿತ್ತೆಂದರೆ ನಿನಗೆ ದಮ್ಮು ಹೆಚ್ಚುತ್ತಿತ್ತು, ಈಗ ಕಡಿಮೆಯೇ? ಹನ್ನೊಂದು ವರ್ಷ ಸುಮ್ಮನಿದ್ದವನು ಈಗ ಆರೋಗ್ಯ ವಿಚಾರಿಸುತ್ತಿದ್ದಾನೆಂದು ನಿನಗೆ ಸಿಟ್ಟು ಬಂದರೆ ತಪ್ಪಲ್ಲ. ನಾನು ಆರಾಮ. ಇಲ್ಲಿಯ ಹೈಸ್ಕೂಲಿನಲ್ಲಿ ಇನ್ನೂ ಕನ್ನಡ ಪಾಠ ಹೇಳುತ್ತಿದ್ದೇನೆ.

ಹೋದ ವಾರ ಶಿರಸಿಯಲ್ಲಿ ಮಕ್ಕಳ ಭಾಷಾ ಸ್ಪರ್ಧೆಯಿತ್ತು. ಉತ್ತರ ತಿದ್ದಲು ನನ್ನನ್ನೂ ಗೀತಾ ಟೀಚರನ್ನೂ ಕರೆದಿದ್ದರು. ಹಾಳೆಯ ಮೇಲೆ ಹೆಸರಿಲ್ಲ, ಬರೀ ನಂಬರು. ‘ಪಂಕ್ತಿ’ ಎಂಬ ಪದವನ್ನು ಬೇರೆ ಬೇರೆ ಅರ್ಥದಲ್ಲಿ ಬಳಸಿ ವಾಕ್ಯ ಬರೆಯಿರಿ ಎಂಬ ಪ್ರಶ್ನೆ ನಾನೇ ಕೊಟ್ಟದ್ದು. ಒಂದು ಮಗು ಚೆಂದದ ಅಕ್ಷರದಲ್ಲಿ ಬರೆದಿತ್ತು: ‘ಗದ್ದೆಯ ಮೇಲೆ ಕೊಕ್ಕರೆಗಳ ಪಂಕ್ತಿ ಹಾರಿತು. ಕವಿತೆಯ ಮೊದಲ ಪಂಕ್ತಿ ನನಗೆ ಬಾಯಿಪಾಠ. ಅಜ್ಜಿ ತೀರಿಕೊಂಡಾಗ ನನ್ನ ಅಮ್ಮನನ್ನು ಊಟದ ಪಂಕ್ತಿಯಿಂದ ಎಬ್ಬಿಸಿದರು.’

ಗೀತಾ ಟೀಚರು, “ಸರ್, ಇದಕ್ಕೆ ಎಷ್ಟು ಕೊಡುದು?” ಎಂದರು. “ನೀವೇ ಹಾಕಿ” ಎಂದು ಹೊರಗೆ ಹೋಗಿ ನಿಂತೆ.

ಅಮ್ಮನ ಹದಿಮೂರನೆಯ ದಿನ ನೀನು ಉಲ್ಲಾಸನ ಜೊತೆ ಬಂದಿದ್ದೆ. ಜಾತಿಯ ಹೊರಗೆ ಮದುವೆಯಾದ ಮೇಲೆ ಮನೆಗೆ ಅದೇ ಮೊದಲು. ಅವನು ಎರಡು ವರ್ಷದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲೇ ನಿಂತಿದ್ದ. ನೀನು ಅತ್ತಿಗೆಯ ಪಕ್ಕ ಕೂತಿದ್ದೆ, ಎಲೆಗೆ ಉಪ್ಪು, ಕೋಸಂಬರಿ ಬಡಿಸಿಯಾಗಿತ್ತು. ಅನ್ನದ ಪಾತ್ರೆ ಹಿಡಿದು ಬಂದ ನಾನು ಬಗ್ಗಿ ಹೇಳಿದೆ: “ಕೂಸೇ, ದೊಡ್ಡಪ್ಪ ಈ ಪಂಕ್ತಿಲಿ ಬ್ಯಾಡ ಹೇಳಿದ್ದ. ಆಚೆ ಜಗಲಿಲಿ ಎಲೆ ಹಾಕ್ಕೊಡ್ತೆ.” ಹೇಳಿದ್ದಷ್ಟೇ ಅಲ್ಲ, ನಿನ್ನ ಉತ್ತರಕ್ಕೆ ಕಾಯದೆ ಎಲೆ ಎತ್ತಿದೆ. ನೀನು ಅಳಲಿಲ್ಲ. “ಹಸಿವಿಲ್ಲೆ ಅಣ್ಣಾ” ಎಂದು ಎದ್ದೆ. ನಾನು ಅನ್ನ ಬಡಿಸುತ್ತ ಮುಂದಕ್ಕೆ ಹೋದೆ.

ಬಹುಮಾನ ಕೊಡುವಾಗ ಹೆಸರು ಕೂಗಿದರು. ಅನುಶ್ರೀ ಉಲ್ಲಾಸ ನಾಯ್ಕ, ಬಿಳಗಿ. ಮೊದಲ ಸ್ಥಾನ. ನಡಿಗೆ ಥೇಟ್ ಅಮ್ಮನದೇ, ನೀಲಾ. ಪ್ರಶಸ್ತಿಪತ್ರ ಕೊಟ್ಟವನು ನಾನು. “ಸರ್, ನಿಮ್ಮ ಊರು ಯಾವ್ದು?” ಎಂದು ಕೇಳಿದಳು. “ಯಲ್ಲಾಪುರ” ಎಂದೆ. ‘ನಾನು ನಿನ್ನ ಸೋದರಮಾವ’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ನಮಸ್ಕಾರ ಮಾಡಿ ಬಸ್ಸಿಗೆ ಓಡಿದಳು. ಅವತ್ತಿನಿಂದ ಪಾಠ ಮಾಡಲು ಮನಸ್ಸಿಲ್ಲ.

ಉಲ್ಲಾಸನಿಗೆ ನನ್ನ ನಮಸ್ಕಾರ ಹೇಳು. ಅವನನ್ನು ಅಂದು ಒಳಗೆ ಬಾ ಎಂದೂ ಕರೆಯಲಿಲ್ಲ. ಮಗುವಿಗೆ ದೇವರು ಒಳ್ಳೆಯದು ಮಾಡಲಿ.

ನಿನ್ನ ಅಣ್ಣ,
ರಘುಪತಿ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ದೊಡ್ಡಪ್ಪ ಏನೂ ಹೇಳಿರಲಿಲ್ಲ. ಅಂದು ಯಾರೂ ಏನೂ ಹೇಳಿರಲಿಲ್ಲ. ಯಾರಾದರೂ ಹೇಳಿಯಾರು ಎಂಬ ಹೆದರಿಕೆಗೆ ಅವನ ಹೆಸರು ಹೇಳಿದವನು ನಾನು. ನೀನು ಹೋದ ಮೇಲೆ ಅವನು, “ನೀಲಾ ಎಲ್ಲಿ? ಅದರ ಊಟ ಆತಾ?” ಎಂದು ಕೇಳಿದ. “ಆತು” ಎಂದೆ. ಅವನು ಸತ್ತಾಗ ನೀನು ಯಾಕೆ ಬರಲಿಲ್ಲ ಎಂದು ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.