ಕಾಲು ತಾಗಿದ ಮೇಲೆ

ಮಡಗಾಂವ್
19 ಡಿಸೆಂಬರ್ 2010, ರವಿವಾರ

ಪ್ರೀತಿಯ ಅವ್ವನಿಗೆ,

ನಿನ್ನ ಸುಮೇಧಾಳ ಸಾಷ್ಟಾಂಗ ನಮಸ್ಕಾರ. ಬರೆಯಲು ಸಾಷ್ಟಾಂಗ, ನಿಜವಾಗಿ ಹಾಕು ಎಂದರೆ ಈಗ ಆಗದು, ತೊಡೆ ನೋಯುತ್ತಿದೆ. ಗಾಬರಿಯಾಗಬೇಡ. ಶ್ರೀರಂಜನಿ ಅಕ್ಕ ಹೇಗಿದ್ದಾಳೆ? ಕೂಸು ಮಲಗುತ್ತದೆಯೋ, ಇಲ್ಲ ನಿನ್ನನ್ನೇ ಕುಣಿಸುತ್ತಿದೆಯೋ? ನೀನು ಬಾಣಂತನಕ್ಕೆಂದು ಧಾರವಾಡಕ್ಕೆ ಹೋದಾಗಿನಿಂದ ಅಪ್ಪ ಮಾಡುವ ಸಾರಿಗೆ ದಿನಕ್ಕೊಂದು ಬಣ್ಣ. ಇದನ್ನೆಲ್ಲ ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ಅಪ್ಪ ಪಕ್ಕದಲ್ಲೇ ನಿಂತಿರುತ್ತಾರೆ, ಮತ್ತೆ ನಿನಗೆ ಒಂದು ಫೋಟೋ ಕಳಿಸುವುದಿತ್ತು.

ನಿನ್ನೆ ಶಾಲೆಯ ಕ್ರೀಡೋತ್ಸವ ಮುಗಿಯಿತು. ಮೇಲೆ ನಿಂತಾಗ ಹೆದರಿಕೆ ಆಗುವುದಿಲ್ಲವೇನೇ ಎಂದು ಹೋದ ವಾರ ನೀನು ಕೇಳಿದ್ದೆ. ಅದಕ್ಕೆ ಉತ್ತರ ಕೊನೆಗೆ ಕೊಡುತ್ತೇನೆ.

ನಮ್ಮ ಚಿಯರ್ ತಂಡದ ಬಗ್ಗೆ ಅಜ್ಜಿಗೆ ಹೇಳುವಾಗ ಟಿವಿಯ ಕ್ರಿಕೆಟ್ ಹುಡುಗಿಯರ ಮಾತೆತ್ತಬೇಡ, ಮೂರ್ಛೆ ಹೋದಾಳು. ಓಡುವವರಿಗೆ ಹುರುಪು ಬರಲೆಂದು ಕೂಗುತ್ತಾರೆ, ಬಣ್ಣದ ಕಾಗದದ ಗೊಂಡೆ ಬೀಸಿ ಕುಣಿಯುತ್ತಾರೆ, ಕೊನೆಗೆ ಒಬ್ಬಳನ್ನು ಮೇಲೆ ನಿಲ್ಲಿಸುತ್ತಾರೆ ಎಂದಷ್ಟೇ ಹೇಳು. ಪ್ರತಿ ತಂಡದಲ್ಲೂ ಮೇಲೆ ನಿಲ್ಲುವವಳಿಗೆ ಹಳದಿ ಸ್ಕರ್ಟು, ಉಳಿದವರಿಗೆ ನೀಲಿ. ದೊಡ್ಡವರ ತಂಡದಲ್ಲಿ ನನ್ನ ಹೆಸರು ಬಂದ ದಿನವೇ ನೀನು ಹಳದಿ ಸ್ಕರ್ಟು ಹೊಲಿಯಲು ಕೂತೆ. ಆಮೇಲೆ ಓಣಿಯಲ್ಲಿ ನೀನು ಹೇಳದೆ ಬಿಟ್ಟವರಾದರೂ ಯಾರು?

ನಮ್ಮ ಲವೀನಾ ಟೀಚರ್ ನನಗೆ ಇನ್ನೊಂದು ಕೆಲಸವನ್ನೂ ವಹಿಸಿದ್ದರು, ಆರನೆಯ ತರಗತಿಯ ಚಿಕ್ಕವರ ತಂಡಕ್ಕೆ ಕಲಿಸುವುದು. ಅವರ ಅಭ್ಯಾಸವೂ ನಮ್ಮದೂ ಒಂದೇ ಹೊತ್ತಿಗೆ ಬರುತ್ತಿತ್ತು. ಅದರ ಮಾತು ಈಗ ಬೇಡ.

ಆ ತಂಡದಲ್ಲಿ ವಿದ್ಯಾ ಎಂಬ ಹುಡುಗಿ ಇದ್ದಾಳೆ. ವಿಜಾಪುರದ ಕಡೆಯವರು. ಅವಳ ತಾಯಿ ದೇವಿಬಾಯಿ ಕೋಲ್ವಾ ಬೀಚಿನಲ್ಲಿ ಮಣಿಸರ, ಕಸೂತಿ ಚೀಲ ಮಾರುತ್ತಾರೆ. ಹೂವಿನಷ್ಟು ಹಗುರ ಹುಡುಗಿ, ಎತ್ತರದ ಹೆದರಿಕೆ ಇಲ್ಲವೇ ಇಲ್ಲ. ಕೆಳಗೆ ಇಬ್ಬರು ಮಂಡಿ ಬಗ್ಗಿಸಿ ನಿಂತರೆ ಅವರ ತೊಡೆಯ ಮೇಲೆ ಕಾಲಿಟ್ಟು ಸರ್ರನೆ ಹತ್ತಿಬಿಡುತ್ತಾಳೆ. ಹತ್ತಿದ ಮೇಲೆ ನೆಟ್ಟಗೆ ನಿಂತು ಕೈ ಎತ್ತಬೇಕಲ್ಲ? ಇವಳು ಅಲ್ಲಿಂದಲೇ ಬಗ್ಗಿ ಕೆಳಗಿನವಳ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ! ಎಲ್ಲರೂ ದೊಪ್ಪನೆ ಕೆಳಗೆ.

ಪ್ರತಿ ಸಲವೂ ಹೀಗೇ. ನಾನು ರೇಗಿದೆ. ಆಕೆ ಕಣ್ಣು ತುಂಬಿಕೊಂಡು, ಅಕ್ಕಾರ, ಕಾಲು ತಾಗಿದ ಮ್ಯಾಲ ನಮಸ್ಕಾರ ಮಾಡದ ಹೆಂಗ ಬಿಡ್ಲಿರಿ, ನಮ್ಮವ್ವ ಬೈತಾಳ್ರಿ ಅಂದಳು. ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಯಾರಿಗೋ ಕಾಲು ತಾಗಿದರೆ ನನ್ನ ಕೈಯೂ ತಾನಾಗಿ ಕಣ್ಣಿಗೆ ಹೋಗುತ್ತದೆ. ನೀನು ಕಲಿಸಿದ್ದೇ ಅಲ್ಲವೇ ಅದು?

ಲವೀನಾ ಟೀಚರಿಗೆ ಸಿಟ್ಟಿಗಿಂತ ಭಯ. ಮಗು ಬಿದ್ದು ಕೈ ಮುರಿದುಕೊಂಡರೆ ಯಾರು ಹೊಣೆ ಎಂದರು. ಗುರುವಾರದೊಳಗೆ ಸರಿಹೋಗದಿದ್ದರೆ ಚಿಕ್ಕವರ ತಂಡ ಮೈದಾನಕ್ಕೆ ಇಳಿಯುವುದೇ ಬೇಡ, ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಲಿ ಎಂದು ಹೇಳಿಬಿಟ್ಟರು. ಆ ಮಕ್ಕಳ ಮುಖ ನೋಡಬೇಕಿತ್ತು. ವಿದ್ಯಾ ಗೊಂಡೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿ, ನನ್ನಿಂದ ಹಿಂಗಾತ್ರಿ ಎಂದು ಎಲ್ಲರ ಮುಂದೆಯೂ ಹೇಳಿಕೊಂಡು ಬಂದಳು.

ಬುಧವಾರ ಟೀಚರು ಅಭ್ಯಾಸ ಶುರು ಮಾಡಿಸುವ ಮೊದಲು ಎಂದಿನಂತೆ ಹಣೆ, ಎದೆ ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿದರು. ದಿನಾ ನೋಡುತ್ತಿದ್ದೆ, ಅವತ್ತು ಹೊಳೆಯಿತು. ನಮಸ್ಕಾರ ಬಿಡಿಸುವುದು ಯಾಕೆ, ಮೊದಲೇ ಮಾಡಿಸಿಬಿಟ್ಟರೆ ಆಯಿತಲ್ಲ! ಹತ್ತುವ ಮುಂಚೆ ತಂಡದವರೆಲ್ಲ ಪಕ್ಕದವರ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಡ್ರಮ್ಮಿನ ತಾಳಕ್ಕೆ ಸರಿಯಾಗಿ, ಕುಣಿತದ ಒಂದು ಹೆಜ್ಜೆ ಎಂಬಂತೆ. ಟೀಚರಿಗೆ ಹೇಳಿದೆ. ಅವರು, ನೀವೂ ದೇವರಿಗೆ ಹೇಳಿಯೇ ಇಳಿಯುವವರು ಅನ್ನಿ ಎಂದು ನಕ್ಕರು.

ವಿದ್ಯಾ ಮಾತ್ರ ಒಪ್ಪಲಿಲ್ಲ. ಕಾಲು ತಾಗೂಕಿಂತ ಮೊದಲ ಮಾಡಿದ್ರ ನಡೀತೈತೇನ್ರಿ ಎಂದು ಅನುಮಾನ. ಮನೆಯಲ್ಲಿ ಕೇಳಿಕೊಂಡು ಬಾ ಎಂದು ಕಳಿಸಿದೆ. ಮರುದಿನ ಬಾಯ್ತುಂಬ ನಗುತ್ತ ಬಂದಳು. ಬೀಚಿನ ಮೇಲೆ ಸರಗಳ ಗಂಟು ಬಿಡಿಸುತ್ತಿದ್ದ ದೇವಿಬಾಯಿ, ಮುಂಚೇನ ಕೇಳಿಕೊಂಡ್ರ ಇನ್ನೂ ಚಲೋ ಆತಲ್ಲವಾ ಅಂದರಂತೆ. ಗುರುವಾರ ಯಾರೂ ಬೀಳಲಿಲ್ಲ.

ನಿನ್ನೆ ರಿಲೇ ಓಟಕ್ಕೆ ಮುಂಚೆ ಚಿಕ್ಕವರು ಇಳಿದರು. ಭುಜ ಮುಟ್ಟಿದರು, ಕಣ್ಣಿಗೊತ್ತಿಕೊಂಡರು, ವಿದ್ಯಾ ಹತ್ತಿದಳು. ನೆಟ್ಟಗೆ ನಿಂತು ಎರಡೂ ಕೈ ಎತ್ತಿದಳು. ಗೇಟಿನ ಹತ್ತಿರ ತೋಳಿನ ತುಂಬ ಸರ ನೇತುಹಾಕಿಕೊಂಡೇ ನಿಂತಿದ್ದ ದೇವಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಮಕ್ಕಳೆಲ್ಲ ಎಷ್ಟು ಕೂಗಿದರೆಂದರೆ ಇವತ್ತು ಒಬ್ಬರಿಗೂ ಗಂಟಲಿಲ್ಲ. ನನಗೆ ಆದ ಖುಷಿಯನ್ನು ಹೇಗೆ ಬರೆಯಲಿ ಅವ್ವಾ, ನೀನು ಇರಬೇಕಿತ್ತು. ಅಪ್ಪನಿಗೂ ಬ್ಯಾಂಕಿನಿಂದ ಬರಲಾಗಲಿಲ್ಲ.

ಅಕ್ಕನಿಗೆ ನಾನು ಕೇಳಿದೆನೆಂದು ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ ಕೈಯ ಸಾರಿಗಾಗಿ ಬಾಯಿ ಬಿಡುತ್ತಿರುವ ಮಗಳು,
ಸುಮೇಧಾ

ತಾ.ಕ.: ಫೋಟೋ ನೋಡಿದ ಮೇಲೆ ಬೈಯಬೇಡ. ಹಳದಿ ಸ್ಕರ್ಟಿಗೆ ಪಿನ್ನು ಹಾಕಿ ಸಣ್ಣದು ಮಾಡಿದ್ದೇನೆ, ಅದು ನೀನು ಹೊಲಿದದ್ದೇ, ತೊಟ್ಟವಳು ವಿದ್ಯಾ. ಚಿಕ್ಕವರ ತಂಡದಲ್ಲಿ ಕೆಳಗೆ ಒಬ್ಬ ದೊಡ್ಡವಳು ನಿಲ್ಲಲೇಬೇಕು, ಎರಡೂ ತಂಡ ಆಗದು, ಒಂದನ್ನು ಆರಿಸಿಕೋ ಎಂದು ಟೀಚರ್ ಹೇಳಿದ್ದರು. ಎಡಗಡೆ ನೀಲಿ ಸ್ಕರ್ಟಿನಲ್ಲಿ, ವಿದ್ಯಾಳ ಮಂಡಿಗೆ ಮುಖ ಮರೆಯಾಗಿ ನಿಂತವಳು ನಾನು. ನಿನ್ನ ಪ್ರಶ್ನೆಗೆ ಉತ್ತರ: ಹೆದರಿಕೆ ಭಾಳ ಆಯಿತು ಅವ್ವಾ, ಎಲ್ಲಿ ಅವಳನ್ನು ಬೀಳಿಸಿಬಿಡುತ್ತೇನೋ ಎಂದು.