ಪೆನ್ಸಿಲಿನ್ ಪುರಾಣ

ವೆಸ್ಟರ್ವಿಕ್
ಜುಲೈ ೧೯, ಶನಿವಾರ

ಪ್ರೀತಿಯ ತಮ್ಮಾ ತೋರ್ಕೆಲ್,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ನಾರ್ವೆಯ ಆ ಮಳೆಯಲ್ಲಿ ಟೊಪ್ಪಿಗೆಯಿಲ್ಲದೆ ಅಲೆಯಬೇಡ; ತಲೆಯೊಳಗೆ ಏನೂ ಇಲ್ಲದವರಿಗೆ ತಲೆಯ ಮೇಲಾದರೂ ಏನಾದರೂ ಇರಬೇಕು. ನಿನ್ನ ಎಣ್ಣೆಯ ಕೆಲಸ ಹೇಗೆ ನಡೆದಿದೆ? ಸಮುದ್ರದ ತಳದಿಂದ ತೆಗೆಯುವ ಎಣ್ಣೆಯನ್ನು ಕೇಳುತ್ತಿದ್ದೇನೆ, ಇನ್ನೊಂದು ಎಣ್ಣೆಯ ಮಾತು ಆಮೇಲೆ. ನಾನು ಚೆನ್ನಾಗಿದ್ದೇನೆ. ನನ್ನ ಕೋಪವೂ ಚೆನ್ನಾಗಿದೆ, ದಿನದಿಂದ ದಿನಕ್ಕೆ ಮೈಕೈ ತುಂಬಿಕೊಳ್ಳುತ್ತಿದೆ.

ಮೊನ್ನೆ ಆಸ್ತಾ ಅತ್ತೆ ಫೋನು ಮಾಡಿದ್ದಳು. ಸಾವಿನ ಮನೆಗೆ ಬಂದವಳ ಹಾಗೆ ದನಿ ತಗ್ಗಿಸಿ, "ಇನ್ನೂ ಪೆನ್ಸಿಲಿನ್ ನುಂಗ್ತಾನೇ ಇದೀಯೇನೇ ಇಂಗೆಲಾ? ಈಸ್ಟರ್‌ನಿಂದ? ಅದೇನು ಸೋಂಕೇ ನಿಂದು, ಅಂಟೋದಲ್ಲ ತಾನೆ?" ಎಂದಳು. ಯಾವ ಸೋಂಕೆಂದು ನಾನೇ ತಿರುಗಿ ಕೇಳಿದೆ. ಆಮೇಲೆ ತಿಳಿಯಿತು. ಈಸ್ಟರ್ ಊಟದಲ್ಲಿ ನಾನು ಲೋಟ ಮುಟ್ಟದೆ ಕೂತಾಗ ನೀನೇ ಎಲ್ಲರ ಕಿವಿಯಲ್ಲಿ "ಪಾಪ, ಅಕ್ಕ ಪೆನ್ಸಿಲಿನ್ ತಗೋತಿದಾಳೆ, ಕುಡಿಯೋ ಹಾಗಿಲ್ಲ" ಎಂದು ಊದಿದ್ದೆಯಂತೆ! ನಡುಬೇಸಿಗೆ ಹಬ್ಬದಲ್ಲೂ ಅದೇ ಮಾತ್ರೆ, ಅದೇ ಮಾತು. ಅತ್ತೆ ನಾನು ಕಾಫಿ ಕುಡಿದ ಬಟ್ಟಲನ್ನು ಕುದಿಯುವ ನೀರಲ್ಲಿ ತೊಳೆಸಿದಳಂತೆ. ಅಯ್ಯಾ ದೊರೆಯೇ, ಅಕ್ಕ ಕುಡುಕಿ ಎನ್ನುವುದಕ್ಕಿಂತ ಅಕ್ಕನ ಮೈಯೆಲ್ಲ ಕೀವು ಎನ್ನುವುದು ನಿನಗೆ ಮರ್ಯಾದೆಯಾಗಿ ಕಂಡಿತೇ?

ಅದರ ಮೇಲೆ ನಿನ್ನ ಕಾಗದ ಬೇರೆ. "ಅಕ್ಕಾ, ನೀನು ಹಾಡದಿದ್ರೆ ಸಿಗಡಿ ಊಟ ಸಪ್ಪೆ ಕಣೇ. ಒಂದೇ ಒಂದು ಗುಟುಕು, ಹಾಡು ಶುರುವಾಗೋವಷ್ಟು." ಆಗಸ್ಟ್ ಬಂತೆಂದರೆ ನಮ್ಮೂರ ಎದುರಿನ ದ್ವೀಪದ ನಿನ್ನ ಮನೆಯಲ್ಲಿ, ದೋಣಿಕಟ್ಟೆಯ ಮೇಲೆ ಕಾಗದದ ದೀಪ ತೂಗಿ, ಕಾಗದದ ಟೋಪಿ ಹಾಕಿ ಕೂರುವವರಿಗೆಲ್ಲ ಹಾಡು ಎತ್ತಿಕೊಡುವ ಪಟ್ಟ ನನ್ನದು, ಅಪ್ಪ ಬಿಟ್ಟುಹೋದದ್ದು. ಹಾಡಿಗೊಂದು ಲೋಟ. ನಾನು ಎತ್ತುವವರೆಗೆ ಯಾರೂ ಎತ್ತುವಂತಿಲ್ಲ. ಅಪ್ಪನ ಎರಡು ಕುಡಿಗಳು ನಾವು; ಹೆಸರಿಗೆ ಕುಂದು ಬಾರದಂತೆ ಕುಡಿದೆವು.

ಹೋದ ಆಗಸ್ಟ್ ನೆನಪಿದೆಯೇ? ಆರನೆಯದೋ ಏಳನೆಯದೋ ಹಾಡಿನ ನಡುವೆ ನಾನು ಕಟ್ಟೆಯಿಂದ ನೀರಿಗೆ ಬಿದ್ದೆ. ನೀವು ಚಪ್ಪಾಳೆ ತಟ್ಟಿದಿರಿ. ಅದೂ ಹಾಡಿನ ಭಾಗವೆಂದುಕೊಂಡಿರಿ. ನೀರಿನಡಿಯಲ್ಲಿ, ಯಾವುದು ಮೇಲು ಯಾವುದು ಕೆಳಗು ತಿಳಿಯದೆ ಒದ್ದಾಡುವಾಗ ನನಗೆ ಆ ಚಪ್ಪಾಳೆ ಕೇಳಿಸುತ್ತಿತ್ತು ಕಣೋ! ನಾನೇ ಏಣಿ ಹಿಡಿದು ಹತ್ತಿ ಬಂದೆ. ಬಂದು ಏನು ಮಾಡಿದೆ? ಬಾಗಿ ನಮಸ್ಕಾರ ಮಾಡಿದೆ. ನೀನು ಟವೆಲ್ಲಿಗೆ ಮುಂಚೆ ಲೋಟ ಕೊಟ್ಟೆ.

ಚಳಿಗಾಲ ಕಳೆಯುವ ಹೊತ್ತಿಗೆ ಪರದೆ ಎಳೆದುಕೊಂಡು, ಕಳ್ಳಿಯ ಹಾಗೆ, ಕುಡಿತ ಬಿಟ್ಟವರ ಸಭೆ ಎಲ್ಲೆಲ್ಲಿ ನಡೆಯುತ್ತದೆಂದು ಹುಡುಕಿದೆ. ನಮ್ಮೂರಲ್ಲೇ ಇತ್ತು, ಗುರುತಿನವರು ಕಂಡಾರೆಂದು ಓಸ್ಕರ್ಸ್‌ಹಾಮ್ನ್‌ವರೆಗೆ ಕಾರು ಓಡಿಸಿದೆ. ಚರ್ಚಿನ ಸಭಾಭವನವನ್ನು ಪ್ರದಕ್ಷಿಣೆ ಹಾಕಿ ಹಾಕಿ ಕೊನೆಗೆ ಪಕ್ಕದ ಬಾಗಿಲು ತಳ್ಳಿದರೆ, ಕಾಫಿ ಬಗ್ಗಿಸುತ್ತಾ ನಿಂತಿದ್ದವರು ನಮ್ಮ ಬೀದಿಯವರೇ! ಅವರೂ ಗುಟ್ಟಿಗೆಂದು ಅಷ್ಟು ದೂರ ಬಂದವರು. ಹೆಸರು ಹೇಳುವಂತಿಲ್ಲ, ಬಾಯಿ ಬಿಡಿಸಬೇಡ. ಈಗ ಇಬ್ಬರೂ ಗುರುವಾರ ಗುರುವಾರ ನಮ್ಮೂರಿನ ಚರ್ಚಿನ ಸಭೆಗೇ ನಡೆದು ಹೋಗುತ್ತೇವೆ.

ಮೊದಮೊದಲು ಅಲ್ಲೂ ನಾನು ಆಡಿದ್ದು ಕಟ್ಟೆಯ ಮೇಲಿನ ಆಟವನ್ನೇ. ನೀರಿಗೆ ಬಿದ್ದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. ದಾಲ್ಚಿನ್ನಿ ಬನ್ನು ಗಂಟಲಿಗೆ ಸಿಕ್ಕುವಷ್ಟು ನಕ್ಕರು. ಕೆಂಪು ಸ್ವೆಟರಿನ ಒಬ್ಬ ಹೆಂಗಸು ಮಾತ್ರ ನಗಲಿಲ್ಲ. ಹೊರಡುವಾಗ ಕೋಟು ಹಾಕಿಕೊಳ್ಳುತ್ತಾ, "ಚೆನ್ನಾಗಿ ನಗಿಸ್ತೀಯಮ್ಮ. ಆದ್ರೆ ಬಿದ್ದೋಳು ಯಾವಾಗ ಬರ್ತಾಳೆ?" ಎಂದಳು. ಅವಳ ಮೇಲೆ ಉರಿದುಹೋದೆ. ಮನೆಗೆ ಬಂದು ಬಾಗಿಲು ಬಡಿದೆ, ಪಾತ್ರೆ ಬಡಿದೆ. ಮುಂದಿನ ವಾರ ಬಿದ್ದವಳನ್ನೇ ಕರೆದುಕೊಂಡು ಹೋದೆ. ಯಾರೂ ನಗಲಿಲ್ಲ. ಚಪ್ಪಾಳೆಯೂ ಇಲ್ಲ. ಒಬ್ಬರು ನನ್ನ ಕಡೆಗೆ ಕಾಫಿ ಸರಿಸಿದರು, ಅಷ್ಟೇ.

ಆದ್ದರಿಂದ ಕೇಳು. ಊಟಕ್ಕೆ ಬರುತ್ತೇನೆ, ಹಾಡುತ್ತೇನೆ. ನನ್ನ ಲೋಟದಲ್ಲಿ ಲಿಂಗನ್‌ಹಣ್ಣಿನ ರಸ ಇರುತ್ತದೆ, ನಾನೇ ತರುತ್ತೇನೆ. ಮೊದಲ ಹಾಡಿಗೆ ಮುಂಚೆ ಎದ್ದು ನಿಂತು, ಪೆನ್ಸಿಲಿನ್ ಯಾವ ಅಂಗಡಿಯ ಸರಕೆಂದು, ನಾನು ಬಿಟ್ಟದ್ದು ಏನೆಂದು ಆಸ್ತಾ ಅತ್ತೆಗೆ ನಾನೇ ಹೇಳುತ್ತೇನೆ. ನೀನು ಅಡ್ಡ ಬಾಯಿ ಹಾಕಿದರೆ ಸಿಗಡಿಯ ಬದಲು ನಿನ್ನ ಕಿವಿ ಹಿಂಡಿ ಸಿಪ್ಪೆ ಸುಲಿಯುತ್ತೇನೆ.

ಮಂಡಿಗೆ ಬಿಸಿ ಕಾವು ಕೊಡು. ದೇವರು ನಿನ್ನನ್ನು ಚೆನ್ನಾಗಿಡಲಿ, ಬುದ್ಧಿಯನ್ನು ಬೇಗ ಕಳಿಸಲಿ.

ಬೈದರೂ ನಿನ್ನವಳೇ ಆದ ಅಕ್ಕ,
ಇಂಗೆಲಾ

ಮರೆತಿದ್ದೆ: ಕಳೆದ ಭಾನುವಾರ ಬೆಳಗ್ಗೆ ಫೋನಿನಲ್ಲಿ ನೀನು ಪಾದ್ರಿಯ ದೋಣಿಯ ಜೋಕು ಹೇಳಿದೆ. ಹೇಳಿ ಮುಗಿಸಿ, ತೊದಲುತ್ತಾ ಮತ್ತೆ ಮೊದಲಿನಿಂದ ಹೇಳಿದೆ. ಬೆಳಗ್ಗೆ, ತೋರ್ಕೆಲ್. ಆ ತೊದಲು ನನಗೆ ಗೊತ್ತು, ನನ್ನ ಬಾಯಲ್ಲೇ ಬೆಳೆದದ್ದು. ನಾನು ಎರಡು ಸಲವೂ ನಕ್ಕೆ. ಆವತ್ತಿನಿಂದ ನನ್ನ ಮೇಲೇ ಸಿಟ್ಟು. ಊಟದ ಹಿಂದಿನ ಗುರುವಾರವೇ ಊರಿಗೆ ಬಾ. ಸಂಜೆ ಏಳಕ್ಕೆ ಚರ್ಚಿನ ಪಕ್ಕದ ಬಾಗಿಲಲ್ಲಿ ನಿಂತಿರುತ್ತೇನೆ. ನೀನು ನೀರಿಗೆ ಬಿದ್ದರೆ ನಾನು ಚಪ್ಪಾಳೆ ತಟ್ಟುವವಳಲ್ಲ.